ಹತ್ತರಲ್ಲಿ ಒಂದು ಗೋಲು ಸಾಕಾ?

ಮೈದಾನದಲ್ಲಿ ಯಾರಾದ್ರೂ ಚೆನ್ನಾಗಿ ಆಡಿದ್ರೆ "ಅದೆಲ್ಲ ಹುಟ್ಟಿನಿಂದಲೇ ಬರಬೇಕು ಬಿಡಿ" ಅಂತೀವಿ. ನಾವೂ ಎಷ್ಟೋ ಸಲ ಅಂದಿದ್ದೀವಿ. ಕಲಿಸೋ ಕಷ್ಟದಿಂದ ತಪ್ಪಿಸಿಕೊಳ್ಳೋಕೆ ಇದಕ್ಕಿಂತ ಸುಲಭದ ಮಾತಿಲ್ಲ. ಸ್ನೇಹಿತರೇ, ಈ ಮಾತನ್ನು ಒಪ್ಪದ ಒಬ್ಬ ಆಟಗಾರನ ಬಗ್ಗೆ ಇವತ್ತು ಹೇಳಬೇಕು.

ಹೆಸರು ಜಿಮ್ಮಿ ಹೋಗನ್. 1882ರಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್‌ನ ನೆಲ್ಸನ್ ಎಂಬ ಊರಿನಲ್ಲಿ ಹುಟ್ಟಿದವನು. ಮಗ ಪಾದ್ರಿಯಾಗಲಿ ಅಂತ ಮನೆಯವರ ಆಸೆ, ಮಗ ಚೆಂಡಿನ ಹಿಂದೆ ಹೋದ. ಬರ್ನ್ಲಿ ತಂಡದಲ್ಲಿದ್ದಾಗ ಒಂದು ಮ್ಯಾಚ್‌ನಲ್ಲಿ ಚೆನ್ನಾಗಿ ನುಗ್ಗಿ ಹೊಡೆದ ಚೆಂಡು ಗೋಲ್ ಕಂಬದ ಮೇಲೆ ಹಾರಿಹೋಯಿತು. ಆಮೇಲೆ ಮ್ಯಾನೇಜರ್ ಹತ್ರ ಹೋಗಿ ಕೇಳಿದ: ಕಾಲಿಟ್ಟ ರೀತಿ ತಪ್ಪಾಯ್ತಾ, ಮೈಯ ಸಮತೋಲ ಹೋಯ್ತಾ? ಸುಮ್ನೆ ಹೊಡೀತಾ ಇರು, ಹತ್ತರಲ್ಲಿ ಒಂದು ಬಿದ್ರೆ ಸಾಕು ಅನ್ನೋ ಅರ್ಥದ ಉತ್ತರ ಸಿಕ್ತು.

ನಾವು ಬ್ಯಾಂಕ್ ಕೌಂಟರಿನವರು. ಸಂಜೆ ಕ್ಯಾಶ್ ತಾಳೆಯಾಗದಿದ್ರೆ, ಹತ್ತು ದಿನಕ್ಕೊಮ್ಮೆ ತಾಳೆಯಾದ್ರೆ ಸಾಕು ಅಂತ ಯಾರೂ ಹೇಳಲ್ಲ. ಒಂದೊಂದೇ ವೋಚರ್ ತೆಗೆದು, ಎಲ್ಲಿ ತಪ್ಪಿದ್ದು ಅಂತ ಹುಡುಕಲೇಬೇಕು. ಹೋಗನ್ ಬದುಕೆಲ್ಲ ಮಾಡಿದ್ದು ಅದನ್ನೇ.

ಬೋಲ್ಟನ್ ತಂಡದ ಜೊತೆ ಹಾಲೆಂಡಿಗೆ ಹೋದಾಗ ಡೋರ್ಡ್ರೆಕ್ಟ್ ತಂಡವನ್ನು 10-0ರಿಂದ ಸೋಲಿಸಿದ್ರು. ಗೆದ್ದವನು ನಗಬೇಕಿತ್ತು. ಈತ, ಇವರಿಗೆ ನಾನೇ ಬಂದು ಕಲಿಸ್ತೀನಿ ಅಂದುಕೊಂಡ. 1910ರಲ್ಲಿ ಬಂದೇಬಿಟ್ಟ. ಮುಂದೆ ವಿಯೆನ್ನಾದಲ್ಲಿ ಹ್ಯೂಗೋ ಮೈಸ್ಲ್ ಜೊತೆ ಕೆಲಸ. ಅಷ್ಟರಲ್ಲಿ 1914ರ ಯುದ್ಧ ಶುರುವಾಯ್ತು. ಇಂಗ್ಲಿಷ್‌ನವನಲ್ವಾ, ಶತ್ರು ದೇಶದವನು ಅಂತ ಬಂಧಿಸಿದ್ರು. ಕೊನೆಗೆ ಬುಡಾಪೆಸ್ಟಿನ ಎಂಟಿಕೆ ಕ್ಲಬ್‌ನವರು ಕರೆಸಿಕೊಂಡ್ರು. ಅಲ್ಲಿ ಪಾರ್ಕಿನಲ್ಲಿ ಚೆಂಡಾಡ್ತಿದ್ದ ಓರ್ಥ್, ಬ್ರೌನ್ ಎಂಬ ಹುಡುಗರನ್ನು ಕಂಡು, ಕರೆದುಕೊಂಡು ಹೋಗಿ ತಿದ್ದಿದ. 1917ರಿಂದ 1925ರವರೆಗೆ ಹಂಗೇರಿಯ ಲೀಗ್ ಎಂಟಿಕೆ ಕೈಬಿಟ್ಟು ಹೋಗಲಿಲ್ಲ.

ಯುದ್ಧ ಮುಗಿದು ಊರಿಗೆ ಬಂದಾಗ ಕೈಯಲ್ಲಿ ಕಾಸಿಲ್ಲ. ಯುದ್ಧದಿಂದ ನಷ್ಟವಾದ ಆಟಗಾರರಿಗೆ ಫುಟ್‌ಬಾಲ್ ಸಂಸ್ಥೆ ಸಹಾಯ ಕೊಡ್ತದೆ ಅಂತ ಕೇಳಿ, ಸಾಲ ಮಾಡಿ ಲಂಡನ್‌ಗೆ ಹೋದ. ಅಲ್ಲಿ ಕೊಟ್ಟಿದ್ದು ಮೂರು ಜೊತೆ ಖಾಕಿ ಕಾಲುಚೀಲ! ರಣರಂಗದಲ್ಲಿದ್ದ ಹುಡುಗರು ಇದಕ್ಕೇ ಖುಷಿಪಟ್ಟಿದ್ರು ಅನ್ನೋ ಕುಟುಕು ಬೇರೆ. ಶತ್ರು ದೇಶದಲ್ಲಿ ಬಂಧಿಯಾಗಿದ್ದವನು ಸೇನೆ ಸೇರೋದು ಹೇಗೆ ಸ್ವಾಮಿ?

ಜರ್ಮನಿಯಲ್ಲಿ ನಡೆದದ್ದು ನಮಗೆ ಬಹಳ ಇಷ್ಟ. ಅಲ್ಲಿ ಈತನ ಜರ್ಮನ್ ಭಾಷೆ ತಡವರಿಸ್ತಿತ್ತು. ಒಂದು ಉಪನ್ಯಾಸದಲ್ಲಿ ಸಭಿಕರು ನಗೋಕೆ ಶುರುಮಾಡಿದ್ರಂತೆ. ಪರಭಾಷೆಯಲ್ಲಿ ಮಾತಾಡಿ ನಗೆಪಾಟಲಾಗೋದು ಏನು ಅಂತ ಗಡಿಯಲ್ಲಿ ಬೆಳೆದ ನಿಮಗೆ ಬಿಡಿಸಿ ಹೇಳಬೇಕಾ? ಈತ ಒಳಗೆ ಹೋಗಿ ಆಟದ ಬಟ್ಟೆ ಹಾಕ್ಕೊಂಡು ಬಂದ. ಬೂಟು, ಕಾಲುಚೀಲ ಕಳಚಿ ಬರಿಗಾಲಲ್ಲಿ ಚೆಂಡು ಹೊಡೆದ. ದೂರದಲ್ಲಿದ್ದ ಮರದ ಹಲಗೆ ಎರಡು ಹೋಳಾಯ್ತು ಅಂತ ಕತೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು, ಇರಲಿ.

1934ರಲ್ಲಿ ಫುಲ್ಹಮ್ ತಂಡದ ಮ್ಯಾನೇಜರ್ ಆದ. ನುರಿತ ನಮಗೇ ಪಾಠವಾ ಅಂತ ಆಟಗಾರರು ಮುಖ ತಿರುಗಿಸಿದ್ರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಕೆಲಸದಿಂದ ತೆಗೆದ್ರು. 1936ರಲ್ಲಿ ಆಸ್ಟ್ರಿಯಾ ಒಲಿಂಪಿಕ್ಸ್ ಬೆಳ್ಳಿ ಗೆದ್ದಾಗ ಕೋಚ್ ಇವನೇ. 1938ರಲ್ಲಿ ಆಸ್ಟನ್ ವಿಲ್ಲಾವನ್ನು ಎರಡನೇ ಡಿವಿಷನ್‌ನಿಂದ ಮೇಲೆತ್ತಿದ್ದೂ ಇವನೇ. ಅಂದ್ರೆ ತೊಂದರೆ ಪಾಠದ್ದಲ್ಲ.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಬ್ರಿಟಿಷ್ ದ್ವೀಪಗಳ ಹೊರಗಿನ ತಂಡಕ್ಕೆ ಇಂಗ್ಲೆಂಡ್ ತನ್ನ ನೆಲದಲ್ಲಿ ಅದುವರೆಗೆ ಸೋತಿರಲಿಲ್ಲ. ಹಿಡೆಗ್ಕುಟಿ ಒಬ್ಬನೇ ಮೂರು ಗೋಲು. ನಮಗೆ ಫುಟ್‌ಬಾಲ್ ಕಲಿಸಿದ್ದು ಹೋಗನ್ ಅಂತ ಗೆದ್ದವರೇ ಹೇಳಿದ್ರು. ಇದು ಪೂರ್ತಿ ಲೆಕ್ಕ ಅಲ್ಲ ಅಂತ ನಾವು ಹೇಳ್ತೀವಿ. ಎಂಟಿಕೆಗೆ ಹೋಗನ್‌ಗಿಂತ ಮೊದಲೇ ಸ್ಕಾಟ್ಲೆಂಡಿನ ಜಾನ್ ಟೇಟ್ ರಾಬರ್ಟ್‌ಸನ್ ಬಂದು ಕಲಿಸಿದ್ದ, ಹಂಗೇರಿಯವರ ಸ್ವಂತ ಬುದ್ಧಿಯೂ ಸಾಕಷ್ಟಿತ್ತು. ಆದ್ರೆ ಋಣ ಒಪ್ಪಿಕೊಂಡವರು ಅವರು.

ಆವತ್ತು 71 ವರ್ಷದ ಹೋಗನ್ ಆಸ್ಟನ್ ವಿಲ್ಲಾದ ಎಳೆಯ ಹುಡುಗರನ್ನು ಕರೆದುಕೊಂಡು ಬಂದು ಅದೇ ವೆಂಬ್ಲಿಯಲ್ಲಿ ಕೂತಿದ್ದ. ಆಟ ನೋಡಿ ಕಲೀಲಿ ಅಂತ.