ಹಳೆಯ ಹಾಡು, ಮುಚ್ಚಿದ್ದ ಪ್ರಶ್ನೆ

ಹಳೆಯ ನಾಟಕವನ್ನು ಹೊಸ ರೀತಿಯಲ್ಲಿ ಆಡಿದರೆ ಮೂಲಕ್ಕೆ ಅಪಚಾರವೆನ್ನುವವರು ಅಮೆರಿಕದ ‘ಒಕ್ಲಹೋಮ!’ ಸಂಗೀತ ನಾಟಕವನ್ನು ಗಮನಿಸಬೇಕು. 1943ರಿಂದ ಅದು ಹಳ್ಳಿಯ ಪ್ರೇಮ, ಹಾಡು, ಕುಣಿತಗಳ ಆಟವೆಂದೇ ಹೆಸರಾಗಿತ್ತು. 2019ರಲ್ಲಿ ನಿರ್ದೇಶಕ ಡೇನಿಯಲ್ ಫಿಶ್ ಅದನ್ನು ಬ್ರಾಡ್‌ವೇಗೆ ಮತ್ತೆ ತಂದರು. ಮಾತು, ಹಾಡುಗಳು ಬಹುಪಾಲು ಹಾಗೆಯೇ ಉಳಿದವು. ಒಂದು ಸಾವಿನ ಬಗೆ ಬದಲಾಯಿತು. ಮೂಲದಲ್ಲಿ ಕೂಲಿಯಾಳು ಜಡ್ ಜಗಳವಾಡುತ್ತ ತನ್ನ ಚೂರಿಯ ಮೇಲೆಯೇ ಬಿದ್ದು ಸಾಯುತ್ತಾನೆ. ಇಲ್ಲಿ ಮದುಮಗ ಕರ್ಲಿ ಅವನಿಗೆ ಗುಂಡು ಹೊಡೆಯುತ್ತಾನೆ. ನೆತ್ತರು ಮೆತ್ತಿದ ಬಟ್ಟೆಯಲ್ಲಿ ನಿಂತವನನ್ನು ಊರವರು ಗಳಿಗೆಯಲ್ಲೇ ವಿಚಾರಿಸಿ ನಿರ್ದೋಷಿ ಎನ್ನುತ್ತಾರೆ. ಆ ತರಾತುರಿಯ ತೀರ್ಪು ಮೂಲದಲ್ಲೇ ಇತ್ತು. ಹಾಡಿನ ಸಡಗರದಲ್ಲಿ ಯಾರಿಗೂ ಚುಚ್ಚುತ್ತಿರಲಿಲ್ಲ. ತಮ್ಮವನನ್ನು ಉಳಿಸಿಕೊಳ್ಳಲು ದಿಕ್ಕಿಲ್ಲದವನ ಸಾವನ್ನು ಮರೆಯುವ ಊರು ಎಲ್ಲಿಲ್ಲ? ಅದನ್ನು ಕಣ್ಣಿಗೆ ಕಾಣಿಸಿದವರನ್ನು ಮೂಲದ್ರೋಹಿಗಳೆನ್ನಲು ನನಗಂತೂ ಬಾಯಿ ಬರುವುದಿಲ್ಲ.