ಕವಿಯ ಶಾಲಿನಡಿ ಮರೆಯಾದ ಮೇಷ್ಟರು

ಬೈಂದೂರು ಸೀಮೆಯ ಮೊಗೇರಿಯಲ್ಲಿ 1918ರ ಫೆಬ್ರವರಿ 18ರಂದು ಹುಟ್ಟಿದ ಗೋಪಾಲಕೃಷ್ಣ ಅಡಿಗರನ್ನು ಊರು ಮರೆತಿದೆ ಎಂದರೆ ಸುಳ್ಳಾದೀತು. ‘ಅಮೆರಿಕಾ ಅಮೆರಿಕಾ’ ಸಿನಿಮಾದ ದಯೆಯಿಂದ ಅವರ ಕವಿತೆ ‘ಯಾವ ಮೋಹನ ಮುರಳಿ’ ಕುಂದಾಪುರದ ಆಟೋಗಳಲ್ಲೂ ಕೇಳಿಸುತ್ತದೆ. ಆದರೆ ಈ ಕವಿ ಬದುಕಿನ ಬಹುಭಾಗ ಅನ್ನ ಉಂಡದ್ದು ಪಾಠ ಹೇಳಿ. ಆ ಮೇಷ್ಟರ ಸುದ್ದಿ ಮಾತ್ರ ಜನ್ಮದಿನದ ಭಾಷಣಗಳಲ್ಲಿ ಒಂದು ವಾಕ್ಯಕ್ಕೆ ಮುಗಿದುಹೋಗುತ್ತದೆ.

ಅಡಿಗರು ಬೆಳೆದದ್ದು ಪುರೋಹಿತರ ಮನೆಯಲ್ಲಿ, ಸುತ್ತ ಯಕ್ಷಗಾನದ ಗದ್ದಲ. 1954ರ ಸಂಕಲನಕ್ಕೆ ‘ಚಂಡೆಮದ್ದಳೆ’ ಎಂಬ ಹೆಸರು ಬಂದದ್ದು ಸುಮ್ಮನಲ್ಲ. ಬೈಂದೂರು, ಕುಂದಾಪುರಗಳ ಶಾಲೆ ಮುಗಿಸಿ ಮೈಸೂರು ಸೇರಿದ ಹುಡುಗ ಮುಂದೆ ಇಂಗ್ಲಿಷ್ ಅಧ್ಯಾಪಕನಾಗಿ ಊರೂರು ಸುತ್ತಿದ: ಕುಮಟಾ, ಮೈಸೂರಿನ ಸೇಂಟ್ ಫಿಲೋಮಿನಾ, ಆಮೇಲೆ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲಗಿರಿ. 1968ರಿಂದ 1971ರವರೆಗೆ ಉಡುಪಿಯ ಪೂರ್ಣಪ್ರಜ್ಞದಲ್ಲೂ ಅದೇ ಕುರ್ಚಿ. ಇಂಗ್ಲಿಷ್ ಕಲಿಸುತ್ತಲೇ ಕನ್ನಡ ಕಾವ್ಯದ ದಿಕ್ಕು ಬದಲಿಸುವ ಚಾಳಿ ಬಿ.ಎಂ.ಶ್ರೀ. ಕಾಲದ್ದು, ಅಡಿಗರು ಅದನ್ನು ನವ್ಯ ಕಾವ್ಯಕ್ಕೆ ತಂದು ಮುಟ್ಟಿಸಿದರು.

ಅವರ ನಿಜವಾದ ಕ್ಲಾಸು ನಡೆದದ್ದು ಮೈಸೂರಿನ ಕಾಫಿ ಹೌಸಿನಲ್ಲಿ. ಅಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಯು.ಆರ್. ಅನಂತಮೂರ್ತಿ ಅಡಿಗರ ಕಾಲೇಜಿನ ವಿದ್ಯಾರ್ಥಿಯೇ ಅಲ್ಲ, ಆದರೂ ಆ ಮೇಜಿನ ಸುತ್ತ ಕಲಿತವರಲ್ಲಿ ಅವರೇ ಮೊದಲಿಗರು. ಕಲಿಸಿದ ಬಗೆ ಎಂಥದ್ದು ಎನ್ನುವುದಕ್ಕೆ ಎರಡು ಪುಸ್ತಕ ತೆರೆದು ನೋಡಿದರೆ ಸಾಕು. 1946ರ ‘ಭಾವತರಂಗ’ಕ್ಕೆ ಮುನ್ನುಡಿ ಬರೆದವರು ಬೇಂದ್ರೆ. 1959ರ ‘ಭೂಮಿಗೀತ’ಕ್ಕೆ ಬರೆದದ್ದು, ಇನ್ನೂ ಮೂವತ್ತು ತುಂಬದ ಅನಂತಮೂರ್ತಿ! ನಲವತ್ತು ದಾಟಿದ, ಹೆಸರು ಮಾಡಿದ ಕವಿ ತನ್ನ ಪದ್ಯಗಳನ್ನು ಚಿಕ್ಕವನ ಕೈಗಿತ್ತು ಲೋಕಕ್ಕೆ ವಿವರಿಸು ಎಂದದ್ದು. ಹಿರಿಯರಿಂದ ಬೆನ್ನು ತಟ್ಟಿಸಿಕೊಳ್ಳುವ ನಮ್ಮ ಸಾಹಿತ್ಯ ಲೋಕದಲ್ಲಿ ಇಂಥ ಧೈರ್ಯ ಆಗಲೂ ಅಪರೂಪ, ಈಗಲೂ ಅಷ್ಟೇ. ಅವರು ಸಂಪಾದಿಸಿದ ‘ಸಾಕ್ಷಿ’ ಪತ್ರಿಕೆಯೂ ಹೊಸಬರಿಗೆ ಹೀಗೆಯೇ ಬಾಗಿಲು ತೆರೆದಿತ್ತು.

ಶಿಷ್ಯರು ಬಾಲ ಹಿಡಿದು ಹಿಂದೆ ಬರಲಿಲ್ಲ. 1971ರಲ್ಲಿ ಅಡಿಗರು ಜನಸಂಘದಿಂದ ಬೆಂಗಳೂರಿನಲ್ಲಿ ಲೋಕಸಭೆಗೆ ನಿಂತು ಸೋತರು, ಅನಂತಮೂರ್ತಿ ಲೋಹಿಯಾವಾದಿ. ರಾಜಕೀಯದಲ್ಲಿ ಒಬ್ಬರದು ಪೂರ್ವ, ಇನ್ನೊಬ್ಬರದು ಪಶ್ಚಿಮ. ಆದರೂ ಅಡಿಗರ ಕಾವ್ಯದ ಬಗ್ಗೆ ಅನಂತಮೂರ್ತಿಯವರ ಗೌರವ ಕಡೆತನಕ ಕುಂದಲಿಲ್ಲ. ಇವತ್ತು ಪಕ್ಷದ ಬಣ್ಣ ನೋಡಿ ಲೇಖಕರನ್ನು ಓದುವವರಿಗೂ ಬಿಡುವವರಿಗೂ ಈ ಜೋಡಿ ತುಸು ಮುಜುಗರದ್ದೇ.

ಅಡಿಗರು 1992ರ ನವೆಂಬರ್ 14ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ಇನ್ನೊಂದು ಪ್ರತಿಮೆಯೋ ಪ್ರಶಸ್ತಿಯೋ ಬೇಡವೆನ್ನಲು ಕಾರಣವಿಲ್ಲ, ಆದರೆ ಮೇಷ್ಟರಿಗೆ ಅದು ಸಲ್ಲುವ ಗೌರವವಲ್ಲ. ಕುಂದಾಪುರದಲ್ಲಿ 1963ರಿಂದ ಭಂಡಾರ್‌ಕರ್ಸ್ ಕಾಲೇಜಿದೆ, ಬೈಂದೂರು, ಬ್ರಹ್ಮಾವರಗಳಲ್ಲೂ ಪದವಿ ತರಗತಿಗಳು ನಡೆಯುತ್ತಿವೆ. ಬರುವ ಫೆಬ್ರವರಿ 18ಕ್ಕೆ ಅತಿಥಿಗಳ ಭಾಷಣ ಒಂದೆರಡು ಕಡಿಮೆ ಮಾಡಿ, ‘ಭೂಮಿಗೀತ’ವನ್ನು ಓದಿಕೊಂಡು ಬಂದ ವಿದ್ಯಾರ್ಥಿಯೊಬ್ಬಳಿಗೆ ಅರ್ಧ ಗಂಟೆ ಮೈಕು ಬಿಟ್ಟುಕೊಡಲಿ. ಪದ್ಯ ತನಗೆ ಹಿಡಿಸಲಿಲ್ಲ ಎಂದು ಅವಳು ಹೇಳಿದರೂ ಅಡ್ಡಿಯಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಆಸ್ಥೆಯಿಂದ ಕೇಳುವ ಮೇಷ್ಟರೊಬ್ಬರು ಮುಂದಿನ ಸಾಲಿನಲ್ಲಿ ಕೂತಿರಬೇಕು, ಅಷ್ಟೇ.