ಒಂದು ಚಮಚದ ಲೆಕ್ಕ

ಮಕ್ಕಳೇ, ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನು ನಾನು. ಆದರೂ ಹೋದ ಸಂಕಷ್ಟಿಯ ದಿನ ಹಾಲಿನ ಲೆಕ್ಕವನ್ನು ಮೂರು ಸಲ ಕೂಡಿದೆ, ಮೂರು ಸಲವೂ ಬೇರೆ ಬೇರೆ ಮೊತ್ತ ಬಂತು. ಕೈ ನಡುಗುತ್ತಿತ್ತು. ಫ್ಯಾನಿನ ಕೆಳಗೇ ಕುಳಿತಿದ್ದರೂ ಬೆವರು ಇಳಿಯುತ್ತಿತ್ತು.

ಏಳನೇ ಕ್ಲಾಸಿನ ಮೊಮ್ಮಗಳು ನೋಡಿದಳು. "ತಾತ, ಬೆಳಿಗ್ಗೆ ಮಾತ್ರೆ ತಗೊಂಡ್ಯಾ?"

"ಹೂಂ."

"ತಿಂಡಿ?"

ಇವತ್ತು ಉಪವಾಸ, ಚಂದ್ರ ಕಾಣುವ ತನಕ ಏನೂ ಇಲ್ಲ ಎಂದೆ. ಅವಳು ಗ್ಲೂಕೋಮೀಟರ್ ತಂದು ನನ್ನ ಬೆರಳಿಗೆ ಚುಚ್ಚಿದಳು. 54! ಅಡುಗೆಮನೆಗೆ ಓಡಿ, ಮೂರು ಚಮಚ ಸಕ್ಕರೆ ಕದಡಿದ ನೀರು ತಂದಳು.

"ಅಯ್ಯೋ, ಶುಗರ್ ಇರೋರಿಗೆ ಸಕ್ಕರೆ ಕೊಡ್ತೀಯೇನೇ!" ಎಂದು ನನ್ನಾಕೆ ಲೋಟಕ್ಕೇ ಕೈ ಹಾಕಿದಳು. ಹುಡುಗಿ ಬಿಡಲಿಲ್ಲ. "ಅಜ್ಜಿ, ಈಗ ತಾತಂಗೆ ಕಡಿಮೆ ಆಗಿದೆ. ಡಾಕ್ಟ್ರು ಹೇಳಿದ್ದನ್ನ ನಾನೂ ಕೇಳಿಸ್ಕೊಂಡಿದ್ದೆ." ಕುಡಿದೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ 82. ಆಮೇಲೆ ಎರಡು ಇಡ್ಲಿ ತಿಂದೆ. ಗಣಪತಿ ಕ್ಷಮಿಸಿರುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಮೀಟರಿನಲ್ಲಿ 100 ಎಂದರೆ ಪ್ರತಿ 100 ಮಿಲಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್. ಒಟ್ಟು 5 ಗ್ರಾಂ, ಅಂದರೆ ಒಂದೇ ಚಮಚ! 54ಕ್ಕೆ 2.7 ಗ್ರಾಂ. ಅರ್ಧ ಚಮಚದಷ್ಟು ಕಡಿಮೆಯಾಗಿದ್ದಕ್ಕೆ ನನ್ನ ಕೂಡುವ ಲೆಕ್ಕವೇ ತಪ್ಪಿತು. ಏಕೆಂದರೆ ಮಿದುಳಿನ ಮುಖ್ಯ ಆಹಾರ ಗ್ಲೂಕೋಸೇ. ದಿನಕ್ಕೆ ಸುಮಾರು 120 ಗ್ರಾಂ ಅದಕ್ಕೇ ಬೇಕು.

ಗ್ಲೂಕೋಸ್ ಬಹಳ ಸರಳವಾದ ಸಕ್ಕರೆ. ಅದರ ಒಂದು ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳು. ದ್ರಾಕ್ಷಿಯಲ್ಲಿ ಹೇರಳವಾಗಿರುವುದರಿಂದ ದ್ರಾಕ್ಷಿ ಸಕ್ಕರೆ ಎಂದೂ ಹೆಸರು. ಗಿಡಗಳು ನೀರು, ಇಂಗಾಲದ ಡೈಆಕ್ಸೈಡ್, ಬಿಸಿಲು ಸೇರಿಸಿ ಇದನ್ನು ಮಾಡುತ್ತವೆ. ಅಕ್ಕಿ, ರಾಗಿಯ ಪಿಷ್ಟವೆಂದರೆ ಗ್ಲೂಕೋಸನ್ನು ಸರದಂತೆ ಪೋಣಿಸಿದ್ದು. ಅಡುಗೆಮನೆಯ ಸಕ್ಕರೆಯಲ್ಲಿ ಗ್ಲೂಕೋಸಿನ ಜೊತೆಗೆ ಫ್ರಕ್ಟೋಸೂ ಇದೆ.

ರಕ್ತದ ಗ್ಲೂಕೋಸು ಕ್ಯಾಷಿಯರ್ ಮೇಜಿನ ಹಣವಿದ್ದಂತೆ, ಸ್ವಲ್ಪವೇ ಇರುತ್ತದೆ. ಊಟದ ನಂತರ ಹೆಚ್ಚಾದದ್ದನ್ನು ಯಕೃತ್ತು ಗ್ಲೈಕೋಜೆನ್ ಆಗಿ ಕಟ್ಟಿಡುತ್ತದೆ, ಸುಮಾರು 100 ಗ್ರಾಂ. ಅದು ಉಳಿತಾಯ ಖಾತೆ. ಹಸಿವಾದಾಗ ಅಲ್ಲಿಂದ ರಕ್ತಕ್ಕೆ ಬಿಡುತ್ತದೆ. ಜಮಾ ಮಾಡಿಸುವ ಅಧಿಕಾರಿ ಇನ್ಸುಲಿನ್. ನನ್ನ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವಂಥದ್ದು. ಮಾತ್ರೆ ನುಂಗಿ ಊಟ ಬಿಟ್ಟರೆ? ಮೇಜಿನ ಹಣ ಖಾಲಿಯಾಗುತ್ತಾ ಬರುತ್ತದೆ, ಉಳಿತಾಯದಿಂದ ತೆಗೆಯುವುದಕ್ಕೂ ಇನ್ಸುಲಿನ್ ಬಿಡುವುದಿಲ್ಲ. ತಪ್ಪು ಮಾತ್ರೆಯದಲ್ಲ, ನನ್ನದು.

ಅಜ್ಜ ಅಜ್ಜಿಯರೇ, ಉಪವಾಸ ಮಾಡುವ ಮುಂಚೆ ಡಾಕ್ಟರನ್ನು ಕೇಳಿ. ನಾನೂ ಈಗ ಕೇಳುತ್ತೇನೆ. ಮಕ್ಕಳೇ, ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತಿಳಿದುಕೊಳ್ಳಿ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ.

ನನ್ನ ಮಾತ್ರೆ ಡಬ್ಬಿಯ ಪಕ್ಕದಲ್ಲಿ ಈಗ ಒಂದು ಪುಟ್ಟ ಸಕ್ಕರೆ ಡಬ್ಬಿಯಿದೆ. ಇಟ್ಟವಳು ಮೊಮ್ಮಗಳಲ್ಲ, ಅವಳ ಅಜ್ಜಿ.